ಕಾರಿನ ಬಲ ಹೆಚ್ಚಿಸುವುದು: ಲಾಭ, ಬೆಲೆ, ಹೊಣೆ

(ದತ್ತಿ ಉಪನ್ಯಾಸದ ಪಠ್ಯ)



ಯಂತ್ರವಿದ್ಯೆಯ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿಸಬೇಕು ಎಂಬುದು ಈ ದತ್ತಿಯ ಆಶಯ. ಆ ಗೌರವ ಈ ಸಲ ನನ್ನ ಪಾಲಿಗೆ ಬಂದಿದೆ. ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿದ ಕಾಲದುದ್ದಕ್ಕೂ ಹುಡುಗರು ನನ್ನನ್ನು ಬಿಡದೆ ಕೇಳುತ್ತಿದ್ದ ಪ್ರಶ್ನೆಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ‘ಸರ್, ಮನೆಯಲ್ಲೊಂದು ಕಾರಿದೆ, ಪಿಕಪ್ ಸಾಲದು. ಟರ್ಬೊ ಹಾಕಿಸಬಹುದಾ? ಬೇರೆ ಕಾರಿನ ದೊಡ್ಡ ಎಂಜಿನ್ ಕೂರುತ್ತದಾ? ಹಾಕಿದ ದುಡ್ಡಿಗೆ ಸಾರ್ಥಕವಾ?’

ಈ ಪ್ರಶ್ನೆಯನ್ನು ಹುಡುಗಾಟ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಮಾಡಲಾರೆ. ತನ್ನ ಕೈಯಲ್ಲಿರುವ ಯಂತ್ರ ಇನ್ನೂ ಚೆನ್ನಾಗಿ ಓಡಬೇಕು ಎಂದು ಬಯಸುವವನೇ ಮುಂದೆ ಒಳ್ಳೆಯ ಎಂಜಿನಿಯರ್ ಆಗುತ್ತಾನೆ, ಒಳ್ಳೆಯ ಮೆಕ್ಯಾನಿಕ್ ಆಗುತ್ತಾನೆ. ಆದ್ದರಿಂದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ನಿನ ಬಲ ಮಾತ್ರ ಹೆಚ್ಚಿಸಿ ಉಳಿದದ್ದನ್ನು ಹಾಗೇ ಬಿಡುವ ಮಾರ್ಪಾಡು ಸಾರ್ವಜನಿಕ ರಸ್ತೆಯ ಕಾರಿಗೆ ನಷ್ಟದ ಬಾಬತ್ತು. ಇಡೀ ವಾಹನವನ್ನು ಒಂದಾಗಿ ಎಣಿಸಿ, ನಿಜವಾದ ಒಂದು ಕೆಲಸಕ್ಕಾಗಿ, ಅದಕ್ಕೆ ತಕ್ಕ ಜಾಗದಲ್ಲಿ ಮಾಡಿದ ಮಾರ್ಪಾಡು ಖಂಡಿತ ಸಾರ್ಥಕ. ಅಂಥ ಕೆಲಸಕ್ಕೆ ನಮ್ಮ ದೇಶದಲ್ಲಿ ಕಾನೂನಿನ ದಾರಿ ಸಾಲದು, ಅದನ್ನು ನಾವು ಕೇಳಿ ಪಡೆಯಬೇಕು. ಈ ಮೂರು ಮಾತುಗಳಿಗೆ ಕಾರಣ ಕೊಡುವುದೇ ಇಂದಿನ ಉಪನ್ಯಾಸ.

1. ಬಲ ಎಲ್ಲಿಂದ ಬರುತ್ತದೆ

ಎಂಜಿನ್ನಿನ ಬಲ ಪೆಟ್ರೋಲಿನಿಂದ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿದರೆ ಅದನ್ನು ಕಟ್ಟಿಹಾಕುವುದು ಗಾಳಿ. ಒಂದು ಕಿಲೊ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಅಷ್ಟು ಗಾಳಿಯನ್ನು ಸಿಲಿಂಡರಿನೊಳಗೆ ತುಂಬುವುದೇ ಕಷ್ಟದ ಕೆಲಸ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿನದಕ್ಕಿಂತ ಶೇಕಡ ಎಂಟು ಒಂಬತ್ತರಷ್ಟು ಕಡಿಮೆ. ಟರ್ಬೊ ಇಲ್ಲದ ಒಂದೇ ಕಾರು ಘಟ್ಟ ಹತ್ತಿ ಬಂದ ಮೇಲೆ ಅಷ್ಟೇ ಪ್ರಮಾಣದಲ್ಲಿ ಬಲ ಕಳೆದುಕೊಳ್ಳುತ್ತದೆ. ಯಾರೂ ಯಾವ ಸ್ಕ್ರೂ ಮುಟ್ಟಬೇಕಾಗಿಲ್ಲ.

ಹೀಗಾಗಿ ಬಲ ಹೆಚ್ಚಿಸುವ ಮುಖ್ಯ ದಾರಿಗಳೆಲ್ಲ ಹೆಚ್ಚು ಗಾಳಿಯನ್ನು ಒಳಗೆ ಕಳಿಸುವ ದಾರಿಗಳೇ. ಸಿಲಿಂಡರನ್ನು ಬೋರ್ ಮಾಡಿಸಿ ಅಗಲ ಮಾಡುವುದು, ದೊಡ್ಡ ಎಂಜಿನ್ ತಂದು ಕೂರಿಸುವುದು, ಕ್ಯಾಮ್‌ಶಾಫ್ಟ್ ಬದಲಿಸಿ ಎಂಜಿನ್ನನ್ನು ಹೆಚ್ಚು ಸುತ್ತು ತಿರುಗಿಸುವುದು, ಟರ್ಬೊ ಹಾಕಿ ಗಾಳಿಯನ್ನು ಒತ್ತಿ ತುಂಬುವುದು, ಟರ್ಬೊ ಮೊದಲೇ ಇದ್ದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವಿನ ಲೆಕ್ಕ ತಿದ್ದಿ ಒತ್ತಡ ಏರಿಸುವುದು. ಈ ಕೊನೆಯದನ್ನೇ ಪೇಟೆಯಲ್ಲಿ ರೀಮ್ಯಾಪ್ ಎನ್ನುತ್ತಾರೆ. ಟರ್ಬೊ ಇಲ್ಲದ ಕಾರಿಗೆ ಬರೀ ಫಿಲ್ಟರ್ ಮತ್ತು ಸೈಲೆನ್ಸರ್ ಬದಲಿಸಿದರೆ ಶಬ್ದ ಹೆಚ್ಚುತ್ತದೆ, ಬಲ ಹೆಚ್ಚುವುದು ಅತ್ಯಲ್ಪ. ಏಕೆಂದರೆ ಹೊರಗಿನ ಗಾಳಿಯ ಒತ್ತಡ ಮೊದಲಿದ್ದಷ್ಟೇ ಇರುತ್ತದೆ.

ಟರ್ಬೊ ಹೊಸದಾಗಿ ಹಾಕುವುದಾದರೆ ಒಳಗಿನ ಕಥೆ ಬೇರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಆದ್ದರಿಂದ ಇಂಟರ್‌ಕೂಲರ್ ಬೇಕು. ಬಿಸಿ ಮತ್ತು ಒತ್ತಡ ಎರಡೂ ಸೇರಿದರೆ ಪೆಟ್ರೋಲ್ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಒಳಗಿನ ಮಿಶ್ರಣ ತಾನಾಗಿ ಸಿಡಿಯುತ್ತದೆ, ಪಿಸ್ಟನ್ನಿನ ತಲೆ ತೂತಾಗುವವರೆಗೂ ಅದು ಹೋಗಬಹುದು. ಆದ್ದರಿಂದ ಕಂಪ್ರೆಷನ್ ಇಳಿಸಬೇಕು, ಪಿಸ್ಟನ್ ಬದಲಿಸಬೇಕು, ಇಂಜೆಕ್ಟರ್ ದೊಡ್ಡದು ಬೇಕು, ಪಂಪು ಹೆಚ್ಚು ಪೆಟ್ರೋಲು ಕೊಡಬೇಕು, ರೇಡಿಯೇಟರಿಗೆ ಹೆಚ್ಚು ಶಾಖ ಕಳೆಯುವ ಶಕ್ತಿ ಬೇಕು. ಟರ್ಬೊ ಕೊಂಡ ಹಣ ಈ ಪಟ್ಟಿಯ ಮೊದಲ ಸಾಲು ಮಾತ್ರ.

ತಯಾರಕರು ಇದೇ ಕೆಲಸ ಮಾಡುವಾಗ ಎಷ್ಟು ಎಚ್ಚರ ವಹಿಸುತ್ತಾರೆ ಎಂಬುದಕ್ಕೆ ನಮ್ಮೆಲ್ಲರಿಗೂ ಗೊತ್ತಿರುವ ಎಂಜಿನ್ ಒಂದನ್ನು ಉದಾಹರಿಸುತ್ತೇನೆ. ಫಿಯೆಟ್‌ನ 1.3 ಮಲ್ಟಿಜೆಟ್ ಡೀಸೆಲ್, 1248 ಸಿಸಿ. ಮಾರುತಿ ಸ್ವಿಫ್ಟ್‌ನಲ್ಲಿ ಇದು 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿತ್ತು. ಅದೇ ಎಂಜಿನ್ ಎರ್ಟಿಗಾದಲ್ಲಿ 90 ಅಶ್ವಶಕ್ತಿ ಕೊಟ್ಟಿತು. ಅದಕ್ಕಾಗಿ ಅವರು ಟರ್ಬೊವನ್ನೇ ಬದಲಿಸಿ, ವೇಗಕ್ಕೆ ತಕ್ಕಂತೆ ಎಲೆಗಳ ಕೋನ ಹೊಂದಿಸಿಕೊಳ್ಳುವ ವೇರಿಯಬಲ್ ಜಾಮಿಟ್ರಿ ಟರ್ಬೊ ಹಾಕಿದರು. ಅಷ್ಟೆಲ್ಲ ಮಾಡಿದ ಮೇಲೂ ಟಾರ್ಕನ್ನು 190ರಿಂದ 200ಕ್ಕೆ ಮಾತ್ರ ಏರಿಸಿದರು. ಕಾರ್ಖಾನೆಯ ಪ್ರಯೋಗಾಲಯ ಇದ್ದವರು ಹತ್ತು ನ್ಯೂಟನ್ ಮೀಟರಿಗೆ ನಿಂತರು. ಲ್ಯಾಪ್‌ಟಾಪ್ ಹಿಡಿದು ಬಂದು ಅರ್ಧ ಗಂಟೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತೇನೆ ಎನ್ನುವವರನ್ನು ನಾವು ಒಂದು ಪ್ರಶ್ನೆ ಕೇಳಲೇಬೇಕು: ಆ ಹೆಚ್ಚಿನ ಟಾರ್ಕನ್ನು ಹೊರುವವರು ಯಾರು?

2. ಕ್ಲಚ್‌ನಿಂದ ಚಕ್ರದವರೆಗೆ

ಟಾರ್ಕ್ ಎಂಜಿನ್ನಿನಲ್ಲಿ ಹುಟ್ಟಿ ಅಲ್ಲೇ ಮುಗಿಯುವುದಿಲ್ಲ. ಫ್ಲೈವೀಲ್, ಕ್ಲಚ್ ಪ್ಲೇಟು, ಗೇರ್‌ಬಾಕ್ಸು, ಕ್ರೌನ್ ಪಿನಿಯನ್, ಡಿಫರೆನ್ಷಿಯಲ್, ಆ್ಯಕ್ಸಲ್ ಶಾಫ್ಟು, ಟೈರು, ಕೊನೆಗೆ ನೆಲ. ಈ ದಾರಿಯಲ್ಲಿ ಅದು ಗುಣಿತವಾಗುತ್ತ ಹೋಗುತ್ತದೆ. ಮೊದಲ ಗೇರಿನ ಅನುಪಾತ ಸುಮಾರು 3.5, ಫೈನಲ್ ಡ್ರೈವ್ ಸುಮಾರು 4 ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 14. ಎಂಜಿನ್ 190 ನ್ಯೂಟನ್ ಮೀಟರ್ ಕೊಟ್ಟರೆ ಚಕ್ರಗಳಿಗೆ ಹೋಗುವ ಶಾಫ್ಟುಗಳ ಮೇಲೆ ಒಟ್ಟು 2,660 ಬೀಳುತ್ತದೆ. ಎಂಜಿನ್ನನ್ನು 250ಕ್ಕೆ ಏರಿಸಿದರೆ ಅಲ್ಲಿ 3,500. ಬಾನೆಟ್ಟಿನ ಕೆಳಗೆ 60 ಹೆಚ್ಚಿಸಿದ್ದು ಚಕ್ರದ ಬಳಿ 840 ಆಗಿ ಕೂರುತ್ತದೆ. ರೀಮ್ಯಾಪ್ ಮಾಡಿಸಿದ ಕೆಲವೇ ತಿಂಗಳಲ್ಲಿ ಕ್ಲಚ್ ಜಾರುವುದು, ಗೇರ್‌ಬಾಕ್ಸ್ ಗೊರಗೊರ ಎನ್ನುವುದು ಈ ಗುಣಾಕಾರದಿಂದಲೇ.

ಈ ಮಿತಿಯನ್ನು ತಯಾರಕರು ಬಹಿರಂಗವಾಗಿಯೇ ಒಪ್ಪಿಕೊಂಡ ಒಂದು ನಿದರ್ಶನವಿದೆ. ಸ್ಕೋಡಾ ಸೂಪರ್ಬ್ ಕಾರಿನ 1.8 ಟಿಎಸ್ಐ ಎಂಜಿನ್ ನಮ್ಮ ದೇಶದಲ್ಲಿ ಎರಡು ಗೇರ್‌ಬಾಕ್ಸ್‌ಗಳೊಂದಿಗೆ ಸಿಗುತ್ತಿತ್ತು. ಎರಡರಲ್ಲೂ 180 ಅಶ್ವಶಕ್ತಿ. ಮ್ಯಾನುಯಲ್ ಗೇರಿನ ಕಾರಿಗೆ 320 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರು, ಆಟೊಮ್ಯಾಟಿಕ್ ಕಾರಿಗೆ 250 ಮಾತ್ರ. ಆ ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ಪೆಟ್ಟಿಗೆ 250ರವರೆಗೆ ಹೊರುವಂತೆ ರೂಪಿಸಿದ್ದು. ಎಂಜಿನ್ನಿಗೆ ಇನ್ನೂ 70 ಕೊಡುವ ತಾಕತ್ತಿತ್ತು. ಹೊರುವವನ ಬೆನ್ನು ನೋಡಿ ಅವರು ಹೊರೆ ಇಳಿಸಿದರು. ಈ ಒಂದು ಅಂಕಿಯಲ್ಲಿ ಇಡೀ ಡ್ರೈವ್‌ಟ್ರೇನ್ ಪಾಠ ಅಡಗಿದೆ. ಅಂಥದೇ ಗೇರ್‌ಪೆಟ್ಟಿಗೆಯ ಕಾರಿಗೆ ಹೊರಗಿನಿಂದ ಟಾರ್ಕ್ ಏರಿಸುವವರು, ಎಂಜಿನಿಯರುಗಳು ಯೋಚಿಸಿ ಎಳೆದ ಗೆರೆಯನ್ನೇ ಅಳಿಸುತ್ತಿರುತ್ತಾರೆ.

ಇನ್ನು ಟೈರು. ಮುಂದಿನ ಚಕ್ರ ಎಳೆಯುವ ಸಣ್ಣ ಡೀಸೆಲ್ ಕಾರೊಂದನ್ನು ತೆಗೆದುಕೊಳ್ಳಿ. ಮುಂದಿನ ಎರಡು ಚಕ್ರಗಳ ಮೇಲೆ ಸುಮಾರು 650 ಕಿಲೊ ಭಾರ ಇರುತ್ತದೆ. ಒಣ ಡಾಂಬರಿನ ಮೇಲೆ ಅವು ನೆಲ ಹಿಡಿದು ತಳ್ಳಬಹುದಾದ ಬಲ ಸುಮಾರು 5,000ದಿಂದ 5,700 ನ್ಯೂಟನ್. ಮೇಲಿನ ಲೆಕ್ಕದ 2,660ನ್ನು 0.29 ಮೀಟರ್ ತ್ರಿಜ್ಯದ ಚಕ್ರಕ್ಕೆ ಹಂಚಿ, ಗೇರುಗಳಲ್ಲಿ ಕಳೆದುಹೋಗುವ ಶೇಕಡ ಹತ್ತನ್ನು ತೆಗೆದರೂ 8,000 ನ್ಯೂಟನ್ ದಾಟುತ್ತದೆ. ಅಂದರೆ ಷೋರೂಮಿನಿಂದ ಬಂದ ಕಾರೇ ಮೊದಲ ಗೇರಿನಲ್ಲಿ ಟೈರಿನ ಹಿಡಿತವನ್ನು ಮೀರಬಲ್ಲದು. ಅದರ ಮೇಲೆ ಏರಿಸಿದ್ದೆಲ್ಲ ರಬ್ಬರನ್ನು ಸುಡುತ್ತದೆ, ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಕಾರು ಮುಂದೆ ಹೋಗುವುದಕ್ಕೆ ಅದರಿಂದ ಉಪಕಾರ ಕಡಿಮೆ. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಹಿಡಿತ ಇನ್ನೂ ಕಡಿಮೆ ಎಂಬುದನ್ನು ಆ ದಾರಿಯಲ್ಲಿ ಓಡಿಸಿದವರಿಗೆ ಹೇಳಬೇಕಾಗಿಲ್ಲ.

ನೊಗಕ್ಕೆ ಕಟ್ಟುವ ಜೋಡಿಯಲ್ಲಿ ಒಂದೇ ಎತ್ತನ್ನು ಮೇಯಿಸಿ ಬಲಿಸಿದರೆ ಗಾಡಿ ಬೇಗ ಹೋಗುವುದಿಲ್ಲ, ಓರೆಯಾಗಿ ಎಳೆದು ನೊಗ ಮುರಿಯುತ್ತದೆ. ನಮ್ಮ ಹಿರಿಯರು ಜೋಡಿ ನೋಡಿ ಕಟ್ಟುತ್ತಿದ್ದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬ್ರೇಕಿಗೂ ಅದೇ ಜೋಡಿಯ ನ್ಯಾಯ.

3. ವೇಗ ಕೇಳುವ ಬೆಲೆ

ಎರಡು ಸರಳ ನಿಯಮಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕು. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಓಡುವ ಕಾರಿನಲ್ಲಿ ಅಡಗಿರುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

ಮೊದಲ ನಿಯಮದ ಫಲ ಇದು: ಎಂಜಿನ್ನಿನ ಶಕ್ತಿಯನ್ನು ಎರಡರಷ್ಟು ಮಾಡಿದರೆ ಗರಿಷ್ಠ ವೇಗ ಎರಡರಷ್ಟಾಗುವುದಿಲ್ಲ, ಸುಮಾರು ಶೇಕಡ 26 ಮಾತ್ರ ಹೆಚ್ಚುತ್ತದೆ. 150 ಕಿಲೊಮೀಟರ್ ಓಡುತ್ತಿದ್ದ ಕಾರು 190ರ ಹತ್ತಿರ ಬಂದು ನಿಲ್ಲುತ್ತದೆ. ಆ ವೇಗಕ್ಕೆ ನಮ್ಮ ಯಾವ ರಸ್ತೆಯಲ್ಲೂ ಅನುಮತಿ ಇಲ್ಲ. ಹಣ ಮಾತ್ರ ಎರಡರಷ್ಟು ಶಕ್ತಿಗೇ ಖರ್ಚಾಗಿರುತ್ತದೆ.

ಎರಡನೆಯ ನಿಯಮ ಇನ್ನೂ ಗಂಭೀರ. ಒಂದು ಟನ್ ತೂಕದ ಕಾರು 100 ಕಿಲೊಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 386 ಕಿಲೊಜೂಲ್ ಶಕ್ತಿ ಇರುತ್ತದೆ. 140ಕ್ಕೆ ಹೋದಾಗ ಅದು 756. ವೇಗ ಶೇಕಡ 40 ಹೆಚ್ಚಿತು, ಬ್ರೇಕುಗಳು ಶಾಖವಾಗಿ ಕಳೆಯಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡರಷ್ಟಾಯಿತು. ಡಿಸ್ಕು ಅದೇ, ಪ್ಯಾಡು ಅದೇ, ಬ್ರೇಕ್ ಎಣ್ಣೆ ಅದೇ. ಹಳೆಯ ಬ್ರೇಕ್ ಎಣ್ಣೆ ತೇವ ಹೀರಿಕೊಂಡಿದ್ದರೆ ಬಿಸಿಗೆ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಜೊತೆಗೆ ಮನುಷ್ಯನ ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 140ರ ಕಾರು 39 ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಯಾವ ಟರ್ಬೊ ಹಾಕಿದರೂ ಆ ಸೆಕೆಂಡನ್ನು ಕಿರಿದು ಮಾಡಲು ಬರುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮಾರ್ಪಾಡಿನ ಖರ್ಚು ಮಾಲೀಕನದು, ಖುಷಿಯೂ ಅವನದು. ಅಪಾಯದ ದೊಡ್ಡ ಪಾಲು ಮಾತ್ರ ರಸ್ತೆ ದಾಟುವ ಮುದುಕಿಯದು, ಸೈಕಲ್ಲಿನ ಹುಡುಗನದು, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಮೊಪೆಡ್ಡಿನವನದು. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಸಾರ್ಥಕವೇ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಈ ಲೆಕ್ಕವನ್ನು ಬಿಟ್ಟರೆ ಉತ್ತರ ಸುಳ್ಳಾಗುತ್ತದೆ.

4. ಸರಿಯಾಗಿ ಮಾಡಿದವರು

ಹಾಗಾದರೆ ಯಾರೂ ಇದನ್ನು ಸರಿಯಾಗಿ ಮಾಡಿಲ್ಲವೇ? ಮಾಡಿದ್ದಾರೆ. ಅದರಲ್ಲಿ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಮಿನಿ.

ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ 1959ರಲ್ಲಿ ಬಂದಾಗ ಅದರ ಎಂಜಿನ್ 848 ಸಿಸಿ, 34 ಅಶ್ವಶಕ್ತಿ. ಮನೆಮಂದಿ ಪೇಟೆಗೆ ಹೋಗಿ ಬರಲು ಮಾಡಿದ ಅಗ್ಗದ ಕಾರು. ಜಾನ್ ಕೂಪರ್ ಆಗ ರೇಸ್ ಕಾರುಗಳ ನಿರ್ಮಾಪಕ. 1959 ಮತ್ತು 1960ರಲ್ಲಿ ಅವರ ಕಾರುಗಳು ಫಾರ್ಮುಲಾ ಒನ್ ನಿರ್ಮಾಪಕರ ಪ್ರಶಸ್ತಿ ಗೆದ್ದಿದ್ದವು. ಅವರು ಆ ಪುಟ್ಟ ಕಾರಿನ ನಡಿಗೆ ನೋಡಿದರು. ತಿರುವಿನಲ್ಲಿ ಅದರ ನೆಲಹಿಡಿತ ಎಂಜಿನ್ನಿಗಿಂತ ಎಷ್ಟೋ ಮುಂದಿದೆ, ಈ ಚಾಸಿ ಇನ್ನೂ ಹೆಚ್ಚು ಬಲ ತಾಳುತ್ತದೆ ಎಂದು ಅವರಿಗೆ ಕಂಡಿತು. 1961ರಲ್ಲಿ ಮಿನಿ ಕೂಪರ್ ಬಂತು: 997 ಸಿಸಿ, ಎರಡು ಕಾರ್ಬ್ಯುರೇಟರ್, 55 ಅಶ್ವಶಕ್ತಿ. ಎಂಜಿನ್ನಿನ ಜೊತೆಗೇ ಗೇರಿನ ಅನುಪಾತ ಬದಲಾಯಿತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. 1963ರ ಕೂಪರ್ ಎಸ್‌ನಲ್ಲಿ ಎಂಜಿನ್ 1071 ಸಿಸಿಗೆ ಏರಿದಾಗ ಡಿಸ್ಕುಗಳೂ ದೊಡ್ಡವಾದವು, ಅವಕ್ಕೆ ಸರ್ವೊ ಸೇರಿತು. ಆ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿತು.

ಈ ಕಥೆಯಲ್ಲಿ ಕ್ರಮವನ್ನು ಗಮನಿಸಿ. ಮೊದಲು ಚಾಸಿಗೆ ಶಕ್ತಿ ಉಳಿದಿದೆ ಎಂದು ಕಂಡುಕೊಂಡರು. ಆಮೇಲೆ ಬಲ ಹೆಚ್ಚಿಸಿದರು. ಬಲ ಹೆಚ್ಚಿಸಿದ ಪ್ರತಿ ಸಲವೂ ಬ್ರೇಕನ್ನು ಹೆಚ್ಚಿಸಿದರು. ಮಾರ್ಪಾಡಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇಕಿಲ್ಲ.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ 1984ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಅಗಲ ದೇಹದೊಳಗೆ ಇದ್ದದ್ದು ಅಂಬಾಸಡರ್ ಕಾರಿನ ಅದೇ 1489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಆ ಭಾರವನ್ನು ಎಳೆಯಲು ಅದು ಏದುಸಿರು ಬಿಡುತ್ತಿತ್ತು. ಕೆಲವು ವರ್ಷಗಳ ನಂತರ ಕಂಪನಿ ಇಸುಜುವಿನ 1.8 ಲೀಟರ್ ಎಂಜಿನ್ ಕೂರಿಸಿತು, ಅದರೊಂದಿಗೇ ಐದು ಗೇರಿನ ಪೆಟ್ಟಿಗೆ ತಂದಿತು. 1990ರ ದಶಕದಲ್ಲಿ ಅಂಬಾಸಡರ್‌ಗೂ ಇಸುಜು ಎಂಜಿನ್ ಬಂತು. ದೇಹಕ್ಕೆ ಎಂಜಿನ್ ಸಾಲದೆ ಇದ್ದಾಗ, ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಜೋಡಿಯಾಗಿ ಬದಲಿಸಿದರೆ ಅದೇ ಕಾರು ಹೊಸ ಜನ್ಮ ಪಡೆಯುತ್ತದೆ ಎಂಬುದನ್ನು ಅಂದು ಕಾಂಟೆಸ್ಸಾ ಓಡಿಸಿದವರೆಲ್ಲ ಅನುಭವಿಸಿದರು.

5. ಮಲೆನಾಡಿನ ಜೀಪು

ಕಾರ್ಖಾನೆಯ ಹೊರಗೆ, ನಮ್ಮ ಮೆಕ್ಯಾನಿಕ್‌ಗಳ ಕೈಯಲ್ಲೇ ನಡೆದ ದೊಡ್ಡ ಮಾರ್ಪಾಡಿನ ಅಧ್ಯಾಯವೊಂದು ಮಲೆನಾಡಿನಲ್ಲಿದೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ತೋಟಗಳಲ್ಲಿ ಹಳೆಯ ವಿಲ್ಲೀಸ್ ಮಾದರಿಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಇಳಿಸಿದ ಕಾಲ ಅದು. ಅಲ್ಲಿ ಯಾರಿಗೂ ವೇಗ ಬೇಕಾಗಿರಲಿಲ್ಲ. ಕಾಫಿ ಮೂಟೆ, ಗೊಬ್ಬರ, ಆಳುಗಳನ್ನು ಹೊತ್ತುಕೊಂಡು ಕೆಸರಿನ ಏರಿನಲ್ಲಿ ನಿಧಾನವಾಗಿ ಎಳೆಯುವ ಶಕ್ತಿ ಬೇಕಿತ್ತು. ಪೆಟ್ರೋಲಿನ ಖರ್ಚು ಇಳಿಯಬೇಕಿತ್ತು. ಎರಡೂ ನಿಜವಾದ ಅಗತ್ಯಗಳು.

ಆ ಕೆಲಸ ಎಷ್ಟು ಸೂಕ್ಷ್ಮವಾದದ್ದು ನೋಡಿ. ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟನ್ನು ಲೇತಿನಲ್ಲಿ ಕಡೆಯಬೇಕು. ಕ್ರ್ಯಾಂಕ್‌ಶಾಫ್ಟಿನ ಕೇಂದ್ರಕ್ಕೂ ಗೇರ್‌ಬಾಕ್ಸಿನ ಶಾಫ್ಟಿನ ಕೇಂದ್ರಕ್ಕೂ ಕೂದಲೆಳೆಯ ವ್ಯತ್ಯಾಸ ಬಂದರೂ ಬೇರಿಂಗ್ ಸವೆಯುತ್ತ ಹೋಗುತ್ತದೆ, ಡಯಲ್ ಗೇಜ್ ಇಟ್ಟು ನೋಡದೆ ಬೋಲ್ಟ್ ಬಿಗಿಯಬಾರದು. ಡೀಸೆಲ್ ಎಂಜಿನ್ ಭಾರ ಹೆಚ್ಚು, ಮುಂದಿನ ಸ್ಪ್ರಿಂಗಿಗೆ ಪ್ಲೇಟ್ ಸೇರಿಸಬೇಕು. ಕಂಪನ ಹೆಚ್ಚು, ಮೌಂಟಿಂಗ್ ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಆ್ಯಕ್ಸಲ್ಲಿನ ಅನುಪಾತ. ವಿಲ್ಲೀಸ್ ಜೀಪಿನ ಕ್ರೌನ್ ಪಿನಿಯನ್ ಅನುಪಾತ 5.38. ನಿಮಿಷಕ್ಕೆ 4,000 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿಗೆ ಅದು ಸರಿಯಾಗಿತ್ತು. ಟ್ರ್ಯಾಕ್ಟರ್ ಜಾತಿಯ ಡೀಸೆಲ್ ಎಂಜಿನ್ ಸುಮಾರು 2,000 ಸುತ್ತಿಗೇ ನಿಲ್ಲುತ್ತದೆ. ಚಕ್ರದ ಸುತ್ತಳತೆ 2.2 ಮೀಟರ್ ಎಂದು ಹಿಡಿದರೆ, ಆ ಎಂಜಿನ್ನಿನ ಜೀಪು ಟಾಪ್ ಗೇರಿನಲ್ಲೂ ಗಂಟೆಗೆ 49 ಕಿಲೊಮೀಟರ್ ದಾಟಲಾರದು. ತೋಟದೊಳಗೆ ಅದು ಸಾಕು. ಹಾಸನಕ್ಕೆ ಹೋಗಿ ಬರುವುದಿದ್ದರೆ ಎಂಜಿನ್ ದಾರಿಯುದ್ದಕ್ಕೂ ಅರಚುತ್ತದೆ. ಅನುಪಾತವನ್ನು 4.1ಕ್ಕೆ ತಂದರೆ ಅದೇ ಎಂಜಿನ್ ಅದೇ ಸುತ್ತಿನಲ್ಲಿ 64 ಕಿಲೊಮೀಟರ್ ಓಡುತ್ತದೆ. ಆದರೆ ಏರಿನಲ್ಲಿ ಎಳೆಯುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಯಾವುದು ಬೇಕು ಎಂಬುದನ್ನು ತೋಟದ ಮಾಲೀಕ ತನ್ನ ಕೆಲಸ ನೋಡಿ ಹೇಳಬೇಕು. ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರ್ ಎತ್ತುವ ಮೊದಲು ‘ಎಲ್ಲಿ ಓಡಿಸ್ತೀರಿ, ಎಷ್ಟು ಲೋಡು?’ ಎಂದು ಕೇಳುತ್ತಿದ್ದ. ಆ ಒಂದು ಪ್ರಶ್ನೆಯಲ್ಲಿ ಎಂಜಿನಿಯರಿಂಗ್ ಪೂರ್ತಿ ಇದೆ. ಮುಂದೆ ಮಹೀಂದ್ರ ಕಂಪನಿಯೇ 2112 ಸಿಸಿ ಪ್ಯೂಜೊ ಡೀಸೆಲ್ ಎಂಜಿನ್ ಹಾಕಿದ ಜೀಪುಗಳನ್ನು ಮಾರಿತು. ತೋಟದವರು ಗುರುತಿಸಿದ ಅಗತ್ಯ ಸರಿಯಾಗಿಯೇ ಇತ್ತು.

6. ಕಾನೂನು, ವಿಮೆ, ಹೊಗೆ

ಇಂದು ಅದೇ ಕೆಲಸವನ್ನು ರಸ್ತೆಯ ವಾಹನಕ್ಕೆ ಮಾಡಲು ಹೊರಟರೆ ಮೊದಲು ಎದುರಾಗುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ. ನೋಂದಣಿ ಪತ್ರದಲ್ಲಿರುವ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎಂದು ಅದು ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ವಿಧಿಯ ಪ್ರಕಾರ, ಅನುಮತಿ ಇಲ್ಲದೆ ವಾಹನ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಅನುಮತಿ ಪಡೆದು ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ ಹಾಕಿಸಲು, ಅನುಮೋದಿತ ಸಿಎನ್‌ಜಿ ಅಥವಾ ವಿದ್ಯುತ್ ಕಿಟ್ ಕೂರಿಸಲು, ಅಂಗವಿಕಲರಿಗೆ ಅನುಕೂಲವಾಗುವಂತೆ ವಾಹನ ಹೊಂದಿಸಲು ಅವಕಾಶವಿದೆ. ಬೇರೆ ಕಾರಿನ ದೊಡ್ಡ ಎಂಜಿನ್ ತಂದು ಕೂರಿಸಲು ಸಾಮಾನ್ಯ ಮಾಲೀಕನಿಗೆ ದಾರಿ ಇಲ್ಲವೆಂದೇ ಹೇಳಬೇಕು.

ವಿಮೆಯದು ಇನ್ನೊಂದು ಗಂಟು. ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಕ್ಲೈಮ್ ತಿರಸ್ಕರಿಸಲು ಕಾರಣವಾಗಬಹುದು. ತಯಾರಕರ ವಾರಂಟಿ ಹೋಗುತ್ತದೆ. ಮಾರುವಾಗ, ಹಾಕಿದ ಹಣ ವಾಪಸ್ ಬರುವುದಿಲ್ಲ, ಎಷ್ಟೋ ಸಲ ಮುಟ್ಟದೆ ಇಟ್ಟ ಕಾರಿಗಿಂತ ಕಡಿಮೆ ಬೆಲೆ ಸಿಗುತ್ತದೆ. ಹೊಗೆಯ ವಿಷಯವಂತೂ ಬರೀ ಕಾನೂನಿನದಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಮಾನದಂಡಕ್ಕಾಗಿ ಡೀಸೆಲ್ ಕಾರುಗಳಿಗೆ ಮಸಿ ಹಿಡಿದಿಡುವ ಫಿಲ್ಟರ್ ಬಂತು. ಬಲ ಹೆಚ್ಚಿಸುವ ನೆಪದಲ್ಲಿ ಆ ಫಿಲ್ಟರ್ ಕಿತ್ತೆಸೆಯುವ ಕೆಲಸವನ್ನು ಯಾವ ವಿದ್ಯಾರ್ಥಿಯೂ ಯಾವ ಗ್ಯಾರೇಜಿನಲ್ಲೂ ಮಾಡಬಾರದು. ನಾವು ಕಿತ್ತದ್ದು ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ.

7. ಎಲ್ಲಿ ಸಾರ್ಥಕ

ಇಷ್ಟೆಲ್ಲ ಹೇಳಿದ ಮೇಲೆ ಬಲದ ಆಸೆ ಇರುವ ಹುಡುಗನಿಗೆ ನಾನು ಏನು ಹೇಳಬೇಕು? ಹೋಗಲು ಜಾಗಗಳಿವೆ ಎಂದು ಹೇಳುತ್ತೇನೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇವೆ. ನಮ್ಮ ನಾಡಿನಲ್ಲೇ ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ಇದೆ, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ರ್‍ಯಾಲಿಗಳು ನಡೆದಿವೆ. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ. ಕಾರಿನೊಳಗೆ ರೋಲ್ ಕೇಜ್ ಇರುತ್ತದೆ, ಚಾಲಕನಿಗೆ ಹೆಲ್ಮೆಟ್ಟು, ಹಾರ್ನೆಸ್ ಇರುತ್ತವೆ, ಓಟಕ್ಕೆ ಮೊದಲು ಪರಿಶೀಲಕರು ಪ್ರತಿ ಬೋಲ್ಟು ನೋಡುತ್ತಾರೆ, ಆ್ಯಂಬುಲೆನ್ಸ್ ಕಾದು ನಿಂತಿರುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದ್ದಕ್ಕೆ, ಗೇರಿನ ಅನುಪಾತ ಹತ್ತಿರ ಮಾಡಿದ್ದಕ್ಕೆ, ಕ್ಯಾಮ್ ಬದಲಿಸಿದ್ದಕ್ಕೆ ಎಷ್ಟು ಫಲ ಬಂತು ಎಂಬುದನ್ನು ಗಡಿಯಾರ ಹೇಳುತ್ತದೆ. ಅಲ್ಲಿ ಮಾರ್ಪಾಡು ಒಂದು ವಿದ್ಯೆ.

ವಿದ್ಯಾರ್ಥಿಗಳಿಗೆ ಇನ್ನೂ ಒಳ್ಳೆಯ ದಾರಿ ಇದೆ. 2007ರಿಂದ ಮಧ್ಯಪ್ರದೇಶದ ಪೀಥಂಪುರದಲ್ಲಿ ನಡೆದುಬಂದ ಬಾಜಾ ಎಸ್ಎಇ ಇಂಡಿಯಾ ಸ್ಪರ್ಧೆಯ ನಿಯಮ ನನಗೆ ಬಹಳ ಹಿಡಿಸಿದೆ. ಪೆಟ್ರೋಲ್ ವಿಭಾಗದ ಎಲ್ಲ ತಂಡಗಳಿಗೂ ಒಂದೇ ಎಂಜಿನ್: 305 ಸಿಸಿ, 10 ಅಶ್ವಶಕ್ತಿ. ಅದನ್ನು ಯಾರೂ ಮಾರ್ಪಡಿಸುವಂತಿಲ್ಲ. ಹಾಗಿದ್ದೂ ಒಂದು ತಂಡದ ಬಂಡಿ ಮುಂದೆ ಹೋಗುತ್ತದೆ, ಇನ್ನೊಂದು ಕಲ್ಲಿನ ಮೇಲೆ ಸಿಕ್ಕಿಕೊಳ್ಳುತ್ತದೆ. ವ್ಯತ್ಯಾಸ ಇರುವುದು ತೂಕದಲ್ಲಿ, ಸಸ್ಪೆನ್ಷನ್ನಿನಲ್ಲಿ, ಗೇರಿನ ಅನುಪಾತದಲ್ಲಿ, ಬ್ರೇಕಿನಲ್ಲಿ. ಕೊಯಮತ್ತೂರಿನ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲೂ ಪೆಟ್ರೋಲ್ ಎಂಜಿನ್ ಉಸಿರಾಡುವ ದಾರಿಯನ್ನು 20 ಮಿಲಿಮೀಟರ್ ತೂತಿಗೆ ಕಟ್ಟಿಹಾಕಿರುತ್ತಾರೆ. ಬಲಕ್ಕೆ ಬೇಲಿ ಹಾಕಿದಾಗ ಬುದ್ಧಿ ಬೆಳೆಯುತ್ತದೆ ಎಂಬುದಕ್ಕೆ ಈ ಎರಡು ನಿಯಮಗಳೇ ಸಾಕ್ಷಿ. ನಮ್ಮ ಪಾಲಿಟೆಕ್ನಿಕ್ ಹುಡುಗರೂ ಇಂಥ ಕಣಗಳಲ್ಲಿ ಇಳಿಯಬೇಕು. ಅದಕ್ಕೆ ಬೇಕಾದ ಹಣ ಮತ್ತು ವರ್ಕ್‌ಶಾಪ್ ಸಮಯವನ್ನು ಸಂಸ್ಥೆಗಳು ಕೊಡಬೇಕು.

ರಸ್ತೆಯ ಕಾರನ್ನೇ ಚೆನ್ನಾಗಿ ಓಡುವಂತೆ ಮಾಡಬೇಕೆನ್ನುವವರಿಗೆ ನನ್ನ ಸಲಹೆಯ ಕ್ರಮ ಇದು. ಮೊದಲು ಕಾರನ್ನು ಅದರ ಮೂಲ ಸ್ಥಿತಿಗೆ ತನ್ನಿ. ಕಟ್ಟಿಕೊಂಡ ಫಿಲ್ಟರ್, ಸೋರುವ ಇಂಜೆಕ್ಟರ್, ಸವೆದ ಸ್ಪಾರ್ಕ್ ಪ್ಲಗ್, ಜಾರುವ ಕ್ಲಚ್ ಇವೆಲ್ಲ ಸರಿಯಾದ ಮೇಲೆ ಎಷ್ಟೋ ಜನರಿಗೆ ಕಳೆದುಹೋದ ಪಿಕಪ್ ಮರಳಿ ಸಿಗುತ್ತದೆ. ಆಮೇಲೆ ಕಾರಿಗೆ ಹೇಳಿದ ಅಳತೆಯಲ್ಲೇ ಉತ್ತಮ ಟೈರು, ಸರಿಯಾದ ಗಾಳಿ. ಆಮೇಲೆ ಹೊಸ ಬ್ರೇಕ್ ಎಣ್ಣೆ, ಒಳ್ಳೆಯ ಪ್ಯಾಡು. ಆಮೇಲೆ ಸವೆದ ಷಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳು. ಇದಿಷ್ಟರಿಂದ ಕಾರು ತಿರುವಿನಲ್ಲಿ ನಿಲ್ಲುವ ರೀತಿಯೇ ಬದಲಾಗುತ್ತದೆ, ಕಾನೂನಿನ ಒಂದು ಅಕ್ಷರವೂ ಮುರಿಯುವುದಿಲ್ಲ. ಇಷ್ಟಾದ ಮೇಲೂ ಬಲ ಸಾಲದೆಂದರೆ, ಮಾರ್ಪಾಡಿನ ಹಣವನ್ನು ಸೇರಿಸಿ ಹೆಚ್ಚು ಬಲದ ಕಾರನ್ನೇ ಕೊಳ್ಳಿ. ಅದರ ಕ್ಲಚ್ಚು, ಗೇರು, ಬ್ರೇಕು, ಏರ್‌ಬ್ಯಾಗು ಎಲ್ಲ ಆ ಬಲಕ್ಕೆಂದೇ ಎಣಿಸಿ, ಪರೀಕ್ಷಿಸಿ ಮಾಡಿದವು.

8. ಒಂದು ಬೇಡಿಕೆ

ಕೊನೆಯದಾಗಿ ಸರ್ಕಾರಕ್ಕೂ ವೃತ್ತಿಬಾಂಧವರಿಗೂ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಹುಬ್ಬಳ್ಳಿ ಮಂಗಳೂರುಗಳ ಗ್ಯಾರೇಜುಗಳಲ್ಲಿ ಇರುವ ಕೈಚಳಕ ಯಾವ ದೇಶಕ್ಕೂ ಕಡಿಮೆಯದಲ್ಲ. ಇಂದಿನ ಕಾನೂನು ಒಳ್ಳೆಯ ಮಾರ್ಪಾಡನ್ನೂ ಕೆಟ್ಟದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅದರಿಂದ ಒಳ್ಳೆಯ ಕುಶಲಕರ್ಮಿ ಹಿಂದೆ ಸರಿಯುತ್ತಾನೆ, ಕದ್ದು ಮಾಡುವವನು ಉಳಿಯುತ್ತಾನೆ. ಜರ್ಮನಿಯಲ್ಲಿ ಮಾರ್ಪಡಿಸಿದ ಕಾರನ್ನು ಟಿಯುವಿಯಂಥ ಮಾನ್ಯತೆ ಪಡೆದ ಸಂಸ್ಥೆಯ ಪರಿಣತರು ಪರೀಕ್ಷಿಸಿ, ಸರಿಯಿದ್ದರೆ ದಾಖಲೆಗೆ ಸೇರಿಸುವ ವ್ಯವಸ್ಥೆ ಇದೆ. ಆಸ್ಟ್ರೇಲಿಯಾದಲ್ಲಿ ಹಗುರ ವಾಹನಗಳ ಮಾರ್ಪಾಡಿಗೇ ಒಂದು ರಾಷ್ಟ್ರೀಯ ಸಂಹಿತೆ ಇದೆ. ವಾಹನದ ತೂಕಕ್ಕೆ ತಕ್ಕಂತೆ ಎಂಜಿನ್ನಿನ ಗಾತ್ರಕ್ಕೆ ಮಿತಿ ಹಾಕಿ, ದೊಡ್ಡ ಬದಲಾವಣೆಗೆ ಪರಿಣತರ ಪ್ರಮಾಣಪತ್ರ ಬೇಕೆಂದು ಅದು ವಿಧಿಸುತ್ತದೆ. ಎರಡೂ ಕಡೆ ಹೊಣೆ ಹೊರುವ ಒಂದು ಸಹಿ ಇರುತ್ತದೆ.

ನಮ್ಮಲ್ಲೂ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗಳಿವೆ. ಸಿಎನ್‌ಜಿ ಕಿಟ್‌ಗಳನ್ನು ಪರೀಕ್ಷಿಸಿ ಅನುಮೋದಿಸುವ ಅಭ್ಯಾಸ ಈಗಾಗಲೇ ಇದೆ. ಅದನ್ನು ಒಂದೊಂದೇ ವಾಹನದ ಪರೀಕ್ಷೆಗೂ ವಿಸ್ತರಿಸಬಹುದು. ಬ್ರೇಕಿನ ಪರೀಕ್ಷೆ, ಹೊಗೆಯ ಪರೀಕ್ಷೆ, ಶಬ್ದದ ಪರೀಕ್ಷೆ, ವೆಲ್ಡಿಂಗಿನ ತಪಾಸಣೆ ಇವನ್ನು ಪಾಸು ಮಾಡಿದ ಕಾರಿಗೆ ಆರ್‌ಸಿಯಲ್ಲಿ ನಮೂದು, ಕೆಲಸ ಮಾಡಿದ ಗ್ಯಾರೇಜಿಗೆ ಪರವಾನಗಿ, ವಿಮಾ ಕಂಪನಿಗೆ ಪ್ರತಿ ಸಿಗುವಂತೆ ಮಾಡಬಹುದು. ಪಾಸಾಗದ ಕಾರು ರಸ್ತೆಗೆ ಬರಬಾರದು, ಆ ಮಾತಿನಲ್ಲಿ ಯಾವ ರಿಯಾಯಿತಿಯೂ ಬೇಡ. ಹೀಗಾದರೆ ಮೆಕ್ಯಾನಿಕ್‌ನ ವಿದ್ಯೆಗೆ ಮರ್ಯಾದೆ ಬರುತ್ತದೆ, ರಸ್ತೆಯಲ್ಲಿ ನಡೆಯುವವರಿಗೆ ರಕ್ಷಣೆ ಸಿಗುತ್ತದೆ.

ಅಲ್ಲಿಯವರೆಗೆ, ಕಾರಿಗೆ ಬಲ ಹೆಚ್ಚಿಸಬೇಕೆಂದು ಗ್ಯಾರೇಜಿನ ಬಾಗಿಲಲ್ಲಿ ನಿಂತ ಪ್ರತಿಯೊಬ್ಬರೂ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಬಲ ಯಾವ ಕೆಲಸಕ್ಕೆ ಬೇಕು? ಅದನ್ನು ಬಳಸಲು ನನಗೆ ಜಾಗ ಎಲ್ಲಿದೆ? ಎಂಜಿನ್ನಿನಿಂದ ಟೈರಿನವರೆಗೆ ಎಲ್ಲವನ್ನೂ ಆ ಬಲಕ್ಕೆ ಹೊಂದಿಸುವ ಹಣ ಮತ್ತು ತಾಳ್ಮೆ ನನ್ನಲ್ಲಿದೆಯೇ? ಮೂರಕ್ಕೂ ನೇರವಾದ ಉತ್ತರ ಇದ್ದವರು ಟ್ರ್ಯಾಕಿಗೋ, ರ್‍ಯಾಲಿಗೋ, ತೋಟದೊಳಗಿನ ಕೆಲಸಕ್ಕೋ ಧೈರ್ಯವಾಗಿ ಕಾರು ಕಟ್ಟಲಿ, ನನ್ನ ಕೈಲಾದ ಸಹಾಯ ಅವರಿಗಿದೆ. ಒಂದಕ್ಕಾದರೂ ಉತ್ತರ ಇಲ್ಲದವರು ಆ ಹಣವನ್ನು ಟೈರಿಗೆ, ಬ್ರೇಕಿಗೆ, ಒಳ್ಳೆಯ ಚಾಲನಾ ತರಬೇತಿಗೆ ಹಾಕಲಿ.